‘ಡಾರ್ಕ್’ ಮೂರನೇ ಸೀಸನ್: ಕೊನೆಯ ಊಟಕ್ಕೆ ಯಾರು ಬಂದರು, ಯಾರು ಬರಲಿಲ್ಲ?

ಹಳದಿ ಮಳೆಯಂಗಿ
ಶನಿವಾರ, ರಾತ್ರಿ 10.50

ಮೊದಲೇ ಹೇಳಿಬಿಡುತ್ತೇನೆ, ಜರ್ಮನ್ ಕಾಲಯಾನ ಧಾರಾವಾಹಿ ‘ಡಾರ್ಕ್’ನ ಎಲ್ಲ ಗುಟ್ಟೂ ಇಲ್ಲಿ ರಟ್ಟಾಗುತ್ತದೆ. ನೋಡದವರು ಈಗಲೇ ಹಿಂದಿರುಗಿ, 26 ಕಂತು ಮುಗಿಸಿಕೊಂಡು ಬನ್ನಿ. ನಾವು ಎಲ್ಲಿಗೂ ಹೋಗುವುದಿಲ್ಲ.

ಮೂರನೇ ಸೀಸನ್ ಬಂದದ್ದು 2020ರ ಜೂನ್ 27ರಂದು. ಕಥೆಯೊಳಗೆ ನಾಯಕ ಯೋನಾಸನ ಲೋಕ ನಾಶವಾಗುವುದೂ ಅದೇ ದಿನ. ಹೊರಗೆ ಕೊರೊನಾ, ಒಳಗೆ ಕಥೆಯ ಊರು ವಿಂಡನ್. ಎಂಟೂ ಕಂತುಗಳನ್ನು ಎರಡೇ ರಾತ್ರಿಯಲ್ಲಿ ಮುಗಿಸಿ, ಎಲ್ಲ ಅರ್ಥವಾಯಿತೆಂದು ನಾಲ್ಕು ಜನರ ಮುಂದೆ ಹೇಳಿಕೊಂಡು ಓಡಾಡಿದ್ದೆ. ಈ ತಿಂಗಳು ಮತ್ತೆ ನೋಡಲು ಕುಳಿತಾಗ ಅಮ್ಮನೂ ಪಕ್ಕಕ್ಕೆ ಬಂದು ಕುಳಿತರು. ಆಗಲೇ ಗೊತ್ತಾದದ್ದು, ನನಗೆ ಏನೂ ಅರ್ಥವಾಗಿರಲಿಲ್ಲವೆಂದು.

ಅಮ್ಮನಿಗೆ ಕಾಲಯಂತ್ರ, ಗುಹೆ, ಸೀಸಿಯಂ ಇವು ಯಾವುವೂ ಬೇಡ. ಅವರದು ಒಂದೇ ಪ್ರಶ್ನೆ: “ಆ ಹುಡುಗಿ ಆ ಹುಡುಗನಿಗೆ ಏನಾಗಬೇಕು?” ಉತ್ತರ ಹೇಳಲು ಕಾಗದ ಬೇಕಾಯಿತು. ಮೇಜಿನ ಮೇಲೆ ಯಾರದೋ ಲಗ್ನಪತ್ರಿಕೆ ಇತ್ತು. ಅದರ ಹಿಂಬದಿಯಲ್ಲಿ ಗೆರೆ ಎಳೆಯುತ್ತಾ ಹೋದೆ. ಅಮ್ಮ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಪ್ರತಿ ಗೆರೆಯ ಮೇಲೂ ಸಂಬಂಧದ ಹೆಸರು ಬರೆದರು.

ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ‘ಆಂಟ್’ ಎಂದು ಓದಿ ಮುಂದೆ ಹೋಗಿಬಿಡಬಹುದು. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಮಾರ್ಥಾಳ ತಮ್ಮ ಮಿಕೆಲ್ ಹಿಂದಿನ ಕಾಲಕ್ಕೆ ಹೋಗಿ, ಅಲ್ಲೇ ಬೆಳೆದು ಮಿಖಾಯೆಲ್ ಆಗಿ ಯೋನಾಸನ ತಂದೆಯಾದ ಮೇಲೆ ಮಾರ್ಥಾ ಯೋನಾಸನಿಗೆ ತಂದೆಯ ಅಕ್ಕ, ಅಂದರೆ ಸೋದರತ್ತೆ. ನಮ್ಮ ಕಡೆ ಸೋದರತ್ತೆಯ ಮಗಳನ್ನು ಮದುವೆಯಾಗಬಹುದು, ಸೋದರತ್ತೆಯನ್ನೇ ಅಲ್ಲ. ಮಾರ್ಥಾ, ಮಿಕೆಲರ ತಂದೆ ಉಲ್ರಿಚ್ ಯೋನಾಸನ ಅಜ್ಜ. ಅಂದ ಮೇಲೆ ಯೋನಾಸನ ತಾಯಿ ಹಾನಾಳಿಗೆ ಅವಳ ಪ್ರಿಯಕರ ಉಲ್ರಿಚ್ ಏನಾದ? ಮಾವ. “ಮಾವನ ಜೊತೆಗೇ?” ಎಂದು ಅಮ್ಮ ಬಾಯಿಗೆ ಸೆರಗು ಹಿಡಿದರು. ಇಷ್ಟಕ್ಕೇ ನಿಲ್ಲಲಿಲ್ಲ. ಹಿಂದಿನ ಕಾಲಕ್ಕೆ ಹೋದ ಹಾನಾ ಮೂರನೇ ಸೀಸನ್‌ನಲ್ಲಿ ಅಲ್ಲಿನ ಪೊಲೀಸ್ ಎಗೋನ್‌ನಿಂದ ಸಿಲ್ಯಾಳನ್ನು ಹೆರುತ್ತಾಳೆ. ಸಿಲ್ಯಾಳ ಮಗಳು ಆಗ್ನೆಸ್, ಆಗ್ನೆಸಳ ಮಗ ಟ್ರೋಂಟೆ, ಟ್ರೋಂಟೆಯ ಮಗ ಉಲ್ರಿಚ್. ಹಾಗಾಗಿ ಉಲ್ರಿಚ್ ಹಾನಾಳಿಗೆ ಮಾವನೂ ಹೌದು, ಗಿರಿಮೊಮ್ಮಗನೂ ಹೌದು. ಅವಳ ಗಂಡ ಮಿಖಾಯೆಲ್ ಅದಕ್ಕೂ ಒಂದು ತಲೆಮಾರು ಕೆಳಗೆ. ಅಲ್ಲಿಗೆ ಕನ್ನಡದ ಪದಗಳೂ ಮುಗಿದವು, ಕಾಗದದ ಜಾಗವೂ ಮುಗಿಯಿತು.

ಈ ನಕ್ಷೆ ಮುಂದಿಟ್ಟುಕೊಂಡು ಕೊನೆಯ ಸೀಸನ್ ನೋಡಿದರೆ ಅದು ಕಾಲಯಾನದ ಕಥೆಯಾಗಿ ಕಾಣುವುದಿಲ್ಲ. ‘ಈ ಮನೆತನವೇ ಹುಟ್ಟದಿದ್ದರೆ ಊರಿನಲ್ಲಿ ಯಾರು ಉಳಿಯುತ್ತಾರೆ’ ಎಂಬ ಲೆಕ್ಕವಾಗಿ ಕಾಣುತ್ತದೆ. ಕೊನೆಯ ಊಟದ ದೃಶ್ಯವೇ ಆ ಲೆಕ್ಕದ ಉತ್ತರ. ಮಳೆಯ ರಾತ್ರಿ, ರೆಗೀನಾಳ ಮನೆ. ಮೇಜಿನ ಸುತ್ತ ರೆಗೀನಾ, ಕಟರೀನಾ, ಹಾನಾ, ವೋಲರ್, ಪೀಟರ್, ಬೆನ್ನಿ. ಆರು ಜನ. ಈ ಆರರಲ್ಲಿ ಒಬ್ಬರಿಗೂ ಯೋನಾಸ್ ಮತ್ತು ಮಾರ್ಥಾರ ಮಗನ (ಟ್ರೋಂಟೆಯ ತಂದೆ ಅವನೇ) ರಕ್ತವಿಲ್ಲ. ಉಲ್ರಿಚ್, ಮ್ಯಾಗ್ನಸ್, ಮಿಕೆಲ್, ಶಾರ್ಲೊಟ್, ಫ್ರಾನ್ಸಿಸ್ಕಾ, ಎಲಿಸಬೆತ್, ಬಾರ್ಟೋಶ್ ಯಾರೂ ಇಲ್ಲ. ಕುರ್ಚಿ ಖಾಲಿ ಇಟ್ಟು ತೋರಿಸುವ ಗೋಜಿಗೂ ಹೋಗಿಲ್ಲ. ಇದ್ದವರಿಗೆ ಯಾರೂ ಕಾಣೆಯಾಗಿದ್ದಾರೆಂಬುದೇ ಗೊತ್ತಿಲ್ಲ.

ನನ್ನ ವಾದವೇನೆಂದು ಆಮೇಲೆ ಬರೆಯುತ್ತೇನೆ. ಮೊದಲು ನೀವು ಹೇಳಿ, ಈ ಸೀಸನ್ ನಿಮಗೆ ನಿಂತಿತೇ, ಬಿದ್ದಿತೇ?


ರಾತ್ರಿಪಾಳಿ
ಶನಿವಾರ, ರಾತ್ರಿ 11.35

ಬಿದ್ದಿತು. ಎದ್ದು ಧೂಳು ಕೊಡವಿಕೊಂಡು ಕೊನೆಯ ಕಂತಿನಲ್ಲಿ ನಡೆದುಹೋಯಿತು, ಅಷ್ಟೇ.

ಮೊದಲ ಎರಡು ಸೀಸನ್ ಮಾಡಿದ ದೊಡ್ಡ ಕೆಲಸವೆಂದರೆ ಒಂದು ಸಣ್ಣ ಊರನ್ನು ನಮ್ಮ ಊರಿನಷ್ಟೇ ಪರಿಚಿತವಾಗಿಸಿದ್ದು. 1953, 1986, 2019, ಮೂವತ್ತಮೂರು ವರ್ಷಕ್ಕೊಮ್ಮೆ ಅದೇ ಮನೆ, ಅದೇ ಬಸ್ ನಿಲ್ದಾಣ, ಅದೇ ಗುಹೆಯ ಬಾಯಿ. ಒಬ್ಬನೇ ಮನುಷ್ಯನನ್ನು ಮೂರು ವಯಸ್ಸಿನಲ್ಲಿ ಕಂಡು ನಾವು ಗುರುತು ಹಿಡಿಯುತ್ತಿದ್ದೆವು. ಹೆಲ್ಗೆಯ ಕಿವಿಯ ಗಾಯ ನೋಡಿದರೆ ಸಾಕಿತ್ತು. ಮೂರನೇ ಸೀಸನ್ ಇದ್ದಕ್ಕಿದ್ದಂತೆ ಇನ್ನೊಂದು ಲೋಕವನ್ನು ತಂದು ಎಲ್ಲರಿಗೂ ಒಂದೊಂದು ನಕಲು ಮಾಡಿಸಿತು. ಅಲ್ಲಿ ಉಲ್ರಿಚ್ ಹಾನಾಳ ಗಂಡ, ಪೀಟರ್ ಪಾದ್ರಿ, ಕಿವಿ ಕೇಳಿಸದವಳು ಎಲಿಸಬೆತ್ ಅಲ್ಲ, ಫ್ರಾನ್ಸಿಸ್ಕಾ. ಸರಿ, ಆಮೇಲೆ? ಆ ಉಲ್ರಿಚ್‌ಗೆ ನಾನೇಕೆ ಮರುಗಬೇಕು? ಅವನು ನನಗೆ ಯಾರು? ಪರಿಚಯವಾಗುವ ಮೊದಲೇ ಅವರ ಲೋಕವೂ 2019ರ ನವೆಂಬರ್ 8ಕ್ಕೆ ಮುಗಿದುಹೋಗುತ್ತದೆ. ಹತ್ತು ಕಂತಿನ ಮಾಲನ್ನು ಎಂಟು ಕಂತಿನ ಚೀಲಕ್ಕೆ ತುರುಕಿದ್ದಾರೆ.

ಯೋನಾಸ್ ಮತ್ತು ಮಾರ್ಥಾರ ಮಗ, ಆ ಸೀಳುತುಟಿಯವನು, ಇನ್ನೊಂದು ತಕರಾರು. ಅವನದೇ ಮೂರು ವಯಸ್ಸು: ಹುಡುಗ, ಗಂಡಸು, ಮುದುಕ, ಮೂವರೂ ಒಟ್ಟಿಗೇ ನಡೆಯುತ್ತಾರೆ, ಒಟ್ಟಿಗೇ ಕೊಲ್ಲುತ್ತಾರೆ. ಕೊನೆಯವರೆಗೂ ಒಂದು ಹೆಸರಿಲ್ಲ. ಮೊದಲ ಸಲ ಮೈ ಜುಮ್ಮೆಂದಿತು, ಐದನೆಯ ಸಲಕ್ಕೆ ಮೆರವಣಿಗೆಯಂತೆ ಕಂಡಿತು.


ಕಾಗದದ ದೋಣಿ
ಭಾನುವಾರ, ಬೆಳಿಗ್ಗೆ 7.20

ಮೆರವಣಿಗೆ! ಕಾಫಿ ಮೂಗಿಗೆ ಏರಿತು.

ಒಂದು ವಿಷಯ ಸೇರಿಸುತ್ತೇನೆ. ಆ ಗಂಡಸು ಮತ್ತು ಮುದುಕನ ಪಾತ್ರ ಮಾಡಿದವರು ಯಾಕೊಬ್ ಡೀಲ್ ಮತ್ತು ಹಾನ್ಸ್ ಡೀಲ್. ನಿಜಜೀವನದಲ್ಲಿ ಮಗ ಮತ್ತು ತಂದೆ. ತಂದೆ ಮಗ ಒಬ್ಬನೇ ಮನುಷ್ಯನ ಎರಡು ವಯಸ್ಸಾಗಿ ಅಕ್ಕಪಕ್ಕ ನಡೆಯುವುದು ಈ ಧಾರಾವಾಹಿಗೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಮುಖದ ಹೋಲಿಕೆಗೆ ಅವರು ಮೇಕಪ್ ಹುಡುಕಲಿಲ್ಲ, ಮನೆಯನ್ನೇ ಹುಡುಕಿದರು.


ತರ್ಕದ ಅಂಗಡಿ
ಭಾನುವಾರ, ಬೆಳಿಗ್ಗೆ 9.05

ರಾತ್ರಿಪಾಳಿಯವರ ಬೇಸರ ಅರ್ಥವಾಗುತ್ತದೆ, ಆದರೆ ಎರಡನೇ ಲೋಕ ಅಲಂಕಾರಕ್ಕಾಗಿ ಬಂದದ್ದಲ್ಲ. ಅದಿಲ್ಲದೆ ಗಂಟು ಬಿಚ್ಚಲು ಸಾಧ್ಯವಿರಲಿಲ್ಲ. ಹೇಗೆಂದು ನನಗೆ ತಿಳಿದಂತೆ ಹೇಳುತ್ತೇನೆ.

ನಮ್ಮ ನ್ಯಾಯಶಾಸ್ತ್ರದಲ್ಲಿ, ಅಂದರೆ ಹಳೆಯ ತರ್ಕಶಾಸ್ತ್ರದಲ್ಲಿ, ವಾದ ತನ್ನ ಬಾಲವನ್ನು ತಾನೇ ಕಚ್ಚಿಕೊಂಡರೆ ಅದಕ್ಕೆ ಬೇರೆ ಬೇರೆ ದೋಷಗಳ ಹೆಸರಿದೆ. ತನಗೆ ತಾನೇ ಆಧಾರವಾದರೆ ಆತ್ಮಾಶ್ರಯ. ಎರಡು ಒಂದನ್ನೊಂದು ಆಧರಿಸಿದರೆ ಅನ್ಯೋನ್ಯಾಶ್ರಯ. ಮೂರು ಅಥವಾ ಹೆಚ್ಚು ಸೇರಿ ಸುತ್ತು ಹೊಡೆದರೆ ಚಕ್ರಕ. ಸುತ್ತದೆ, ಹಿಂದಕ್ಕೆ ಹಿಂದಕ್ಕೆ ಹೋಗುತ್ತಲೇ ಇದ್ದರೆ ಅನವಸ್ಥೆ. ವಿಂಡನ್ನಿನವರು ಮೊದಲ ಮೂರನ್ನೂ ಮನೆಯಲ್ಲಿ ಸಾಕಿಕೊಂಡಿದ್ದಾರೆ. ಕಾಲಯಂತ್ರವನ್ನೇ ನೋಡಿ. 1953ರಲ್ಲಿ ರೆಗೀನಾಳ ತಾಯಿ, ಮುದುಕಿ ಕ್ಲೌಡಿಯಾ, ಅದರ ನಕ್ಷೆಯನ್ನು ಗಡಿಯಾರದ ಅಂಗಡಿಯ ಟಾನ್‌ಹೌಸ್‌ಗೆ ಕೊಡುತ್ತಾಳೆ, 1986ರಲ್ಲಿ ಅದೇ ಯಂತ್ರ ಕೆಟ್ಟುಹೋಗಿ ರಿಪೇರಿಗೆ ಅವನ ಅಂಗಡಿಗೇ ಬರುತ್ತದೆ. ಅದನ್ನು ಮೊದಲು ಯೋಚಿಸಿದವರು ಯಾರೂ ಇಲ್ಲ. ಅದು ಆತ್ಮಾಶ್ರಯ. ಶಾರ್ಲೊಟ್ ಹೆತ್ತ ಮಗಳು ಎಲಿಸಬೆತ್, ಎಲಿಸಬೆತ್ ಹೆತ್ತ ಮಗಳು ಶಾರ್ಲೊಟ್. ಅನ್ಯೋನ್ಯಾಶ್ರಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಂಡಿತನಿಗೂ ಸಿಕ್ಕಿರಲಾರದು. ಇನ್ನು ಯೋನಾಸ್: ಅವನ ಮಗ ಆ ಸೀಳುತುಟಿಯವನು, ಅವನ ಮಗ ಟ್ರೋಂಟೆ, ಅವನ ಮಗ ಉಲ್ರಿಚ್, ಅವನ ಮಗ ಮಿಕೆಲ್, ಅವನ ಮಗ ಯೋನಾಸ್. ಚಕ್ರಕ.

ನೈಯಾಯಿಕರು ಇಂಥ ವಾದ ಕಂಡರೆ ‘ದೋಷ’ ಎಂದು ಹೇಳಿ ಎಸೆದುಬಿಡುತ್ತಾರೆ. ಎರಡು ಸೀಸನ್‌ಗಳ ಕಾಲ ಈ ಧಾರಾವಾಹಿ ಬೀಜವೃಕ್ಷ ನ್ಯಾಯ ಹೇಳಿ ನುಣುಚಿಕೊಂಡಿತು. ಬೀಜ ಮೊದಲೋ ಮರ ಮೊದಲೋ, ಕೇಳಬಾರದು, ಆದಿಯೇ ಅಂತ್ಯ ಅಂತ್ಯವೇ ಆದಿ, ಮುಂದೆ ಹೋಗಿ. ಮೂರನೇ ಸೀಸನ್ ಮಾತ್ರ ನೈಯಾಯಿಕರ ಪಕ್ಷಕ್ಕೆ ಬಂದಿತು. ಇದು ದೋಷವೇ, ಇದಕ್ಕೆ ಹೊರಗಿನ ಕಾರಣ ಒಂದಿದೆ ಎಂದಿತು. ಆ ಹೊರಗಿನ ಕಾರಣವೇ ಮೂರನೇ ಲೋಕ. 1971ರಲ್ಲಿ ಟಾನ್‌ಹೌಸ್‌ನ ಮಗ ಮಾರೆಕ್, ಸೊಸೆ ಸೋನ್ಯಾ, ಕೂಸು ಶಾರ್ಲೊಟ್ ಮೂವರೂ ಕಾರು ಅಪಘಾತದಲ್ಲಿ ಸತ್ತರು. ಅವರನ್ನು ಮರಳಿ ತರಲು ಅವನು ಕಟ್ಟಿದ ಯಂತ್ರ 1986ರಲ್ಲಿ ಚಾಲೂ ಆಯಿತು, ಅವನ ಲೋಕ ಒಡೆದು ಎರಡಾಯಿತು.

ಒಂದೇ ಲೋಕವಿದ್ದಿದ್ದರೆ ಅದು ಚಕ್ರ, ಅಷ್ಟೇ. ಎರಡು ಒಂದನ್ನೊಂದು ಹೋಲುತ್ತಿರುವುದರಿಂದಲೇ ‘ಇವೆರಡೂ ಯಾವುದರ ನಕಲು’ ಎಂಬ ಪ್ರಶ್ನೆ ಹುಟ್ಟುತ್ತದೆ. ಮುದುಕನಾದ ಯೋನಾಸ್, ಅಂದರೆ ಆಡಂ, ಆ ಪ್ರಶ್ನೆ ಕೇಳಲಿಲ್ಲ; ಎರಡನೇ ಲೋಕದ ಮುದುಕಿ ಮಾರ್ಥಾ, ಅಂದರೆ ಇವಾ, ಕೇಳಲಿಲ್ಲ. ಕ್ಲೌಡಿಯಾ ಕೇಳಿದಳು.


ಸ್ಟುಟ್‌ಗಾರ್ಟಿನಿಂದ
ಭಾನುವಾರ, ಮಧ್ಯಾಹ್ನ 1.40

ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಜರ್ಮನ್ ಕಲಿಯಲು ತರಗತಿಗಿಂತ ಹೆಚ್ಚು ನೆರವಾದದ್ದು ಈ ಧಾರಾವಾಹಿಯ ನಿಧಾನದ ಸಂಭಾಷಣೆ. ಯಾರೂ ಆತುರದಲ್ಲಿ ಮಾತನಾಡುವುದಿಲ್ಲ, ಒಂದು ವಾಕ್ಯ ಹೇಳಿ ಮಳೆಯನ್ನು ನೋಡುತ್ತಾ ನಿಲ್ಲುತ್ತಾರೆ. ಆ ಬಿಡುವಿನಲ್ಲಿ ನಿಘಂಟು ನೋಡಿಕೊಳ್ಳಬಹುದಿತ್ತು.

ಕೆಲವು ಪದಗಳ ಬಗ್ಗೆ. ‘ವಿಂಡನ್’ ಊರಿನ ಹೆಸರಷ್ಟೇ ಅಲ್ಲ, ಜರ್ಮನ್‌ನಲ್ಲಿ ಅದು ಕ್ರಿಯಾಪದ. ಸುತ್ತು, ಹೊಸೆ, ಬಳಸು ಎಂಬ ಅರ್ಥ. ಹಗ್ಗ ಹೊಸೆಯುವ ಊರಿನಲ್ಲಿ ಗಂಟಿನ ಕಥೆ. ನಾಲ್ಕನೇ ಕಂತಿನ ಹೆಸರು ‘ಉರ್‌ಸ್ಪ್ರುಂಗ್’, ಮೂಲ ಎಂದರ್ಥ. ಬಿಡಿಸಿದರೆ ‘ಮೊದಲ ಜಿಗಿತ’. ನಾವು ಮೂಲ ಎಂದಾಗ ಬೇರನ್ನು ನೆನೆಯುತ್ತೇವೆ, ಇವರು ಜಿಗಿತವನ್ನು. ಕೊನೆಯಲ್ಲಿ ಟಾನ್‌ಹೌಸ್ ಮಾಡಿದ್ದು ಅದನ್ನೇ. ಎಲ್ಲರೂ ತಮ್ಮ ಬೇರು ಹುಡುಕುತ್ತಿದ್ದಾಗ ಗೊತ್ತಾದದ್ದು, ಅಲ್ಲಿ ಬೇರೇ ಇರಲಿಲ್ಲ, ದುಃಖ ತಡೆಯಲಾರದವನೊಬ್ಬ ಜಿಗಿದಿದ್ದ.

ಇನ್ನೊಂದು, ಕಥೆಯಲ್ಲಿ ಊರಿನ ಅಣುಸ್ಥಾವರ 2020ರಲ್ಲಿ ಮುಚ್ಚಬೇಕಿರುತ್ತದೆ. ಅದು ಬರೀ ಕಲ್ಪನೆಯಲ್ಲ. 2011ರ ಫುಕುಶಿಮಾ ಅನಾಹುತದ ನಂತರ ಇಲ್ಲಿ ಸ್ಥಾವರಗಳನ್ನೆಲ್ಲ ಮುಚ್ಚುವ ನಿರ್ಧಾರವಾಯಿತು, ಕೊನೆಯ ಮೂರು ನಿಂತದ್ದು 2023ರ ಏಪ್ರಿಲ್ 15ರಂದು. ಅದರಲ್ಲಿ ಒಂದು ನೆಕರ್‌ವೆಸ್ಟ್‌ಹೈಮ್‌ನದು, ನಮ್ಮ ನಗರಕ್ಕೆ ದೂರವಲ್ಲ. ಅಂದು ಕಚೇರಿಯಲ್ಲಿ ಒಬ್ಬರು “ಸರಿ, ಇನ್ನು ಅಣುತ್ಯಾಜ್ಯದ ಪೀಪಾಯಿಗಳನ್ನು ಎಲ್ಲಿ ಹೂಳಿದ್ದಾರೆಂದು ಹುಡುಕೋಣ” ಎಂದಾಗ, ‘ಡಾರ್ಕ್’ ನೋಡಿದವರೆಲ್ಲ ಒಟ್ಟಿಗೆ ನಕ್ಕರು. ಉಳಿದವರು ನಮ್ಮ ಮುಖ ನೋಡಿದರು.


ರಾತ್ರಿಪಾಳಿ
ಭಾನುವಾರ, ಮಧ್ಯಾಹ್ನ 3.15

ತರ್ಕದ ಅಂಗಡಿಯವರೇ, ಅಂಗಡಿ ಚೆನ್ನಾಗಿದೆ, ಆದರೆ ತೂಕದಲ್ಲಿ ಮೋಸವಿದೆ.

ಯೋನಾಸ್ ಮತ್ತು ಮಾರ್ಥಾ 1971ಕ್ಕೆ ಹೋಗಿ ಮಾರೆಕ್‌ನ ಕಾರು ತಡೆದರು. ಅಪಘಾತವಾಗಲಿಲ್ಲ. ಯಂತ್ರ ಹುಟ್ಟಲಿಲ್ಲ. ಎರಡೂ ಲೋಕಗಳು ಹುಟ್ಟಲಿಲ್ಲ. ಯೋನಾಸನೂ ಇಲ್ಲ, ಮಾರ್ಥಾಳೂ ಇಲ್ಲ. ಹಾಗಾದರೆ ಆ ರಾತ್ರಿ ಮಳೆಯಲ್ಲಿ ರಸ್ತೆಯ ನಡುವೆ ನಿಂತವರು ಯಾರು? ತಡೆಯುವವರಿಲ್ಲದಿದ್ದರೆ ಕಾರು ಸೇತುವೆಗೆ ಹೋಗಲೇಬೇಕು. ಹೋದರೆ ಯಂತ್ರ ಹುಟ್ಟಲೇಬೇಕು. ಗಂಟು ಬಿಚ್ಚಿದೆವೆಂದು ಹೇಳಿ ಇನ್ನೂ ದೊಡ್ಡ ಗಂಟು ಹಾಕಿದ್ದಾರೆ. ನಿಮ್ಮದೇ ಭಾಷೆಯಲ್ಲಿ ಹೇಳುವುದಾದರೆ ಇದೂ ಚಕ್ರಕವೇ ಅಲ್ಲವೇ?


ತರ್ಕದ ಅಂಗಡಿ
ಭಾನುವಾರ, ಸಂಜೆ 4.30

ಇದಕ್ಕೆ ನನ್ನ ಬಳಿ ಒಂದು ಊಹೆಯಿದೆ, ಪ್ರಮಾಣವಿಲ್ಲ.

ಐದು ಮತ್ತು ಏಳನೇ ಕಂತುಗಳನ್ನು ಒಟ್ಟಿಗೆ ನೋಡಿ. ಲೋಕ ನಾಶವಾಗುವ ಕ್ಷಣದಲ್ಲಿ ಕಾಲ ಅರೆಗಳಿಗೆ ನಿಲ್ಲುತ್ತದೆ. ಆ ಬಿರುಕಿನಲ್ಲಿ ಕಾರಣ ಕಾರ್ಯದ ಸರಪಳಿ ಕಳಚಿರುತ್ತದೆ. ಅದರಿಂದಲೇ ಒಬ್ಬ ಯೋನಾಸ್ ಇಬ್ಬರಾಗುತ್ತಾನೆ. ಎರಡನೇ ಲೋಕದ ಮಾರ್ಥಾ ಬಂದು ಕರೆದೊಯ್ದ ಯೋನಾಸ್ ಅವಳ ಲೋಕದಲ್ಲಿ ಮಗನಿಗೆ ತಂದೆಯಾಗಿ ಅಲ್ಲೇ ಗುಂಡೇಟಿಗೆ ಸಾಯುತ್ತಾನೆ. ಅವಳು ಬಾರದೆ ನೆಲಮಾಳಿಗೆಗೆ ಓಡಿ ಬದುಕಿದ ಯೋನಾಸ್ ಮುದುಕನಾಗಿ ಆಡಂ ಆಗುತ್ತಾನೆ. ಎರಡೂ ನಿಜ. ಅದಕ್ಕಾಗಿಯೇ ಶ್ರೋಡಿಂಗರನ ಬೆಕ್ಕಿನ ಪಾಠವನ್ನು ಟಾನ್‌ಹೌಸ್‌ನ ಬಾಯಿಂದ ಹೇಳಿಸಿದ್ದಾರೆ. ಪೆಟ್ಟಿಗೆ ತೆರೆಯುವವರೆಗೆ ಬೆಕ್ಕು ಸತ್ತೂ ಇದೆ, ಬದುಕಿಯೂ ಇದೆ.

ಅದೇ ನಿಯಮವನ್ನು 1971ರ ರಸ್ತೆಗೂ ಹಾಕಿ. ಕಾರು ಸೇತುವೆಗೆ ಹೋದದ್ದೂ ಉಂಟು, ಹಿಂದಿರುಗಿದ್ದೂ ಉಂಟು. ಹೋದ ರಾತ್ರಿಯಿಂದ ಎರಡು ಲೋಕ ಹುಟ್ಟುತ್ತವೆ, ಆ ಲೋಕಗಳಿಂದ ಇಬ್ಬರು ಬಂದು ಹಿಂದಿರುಗುವ ರಾತ್ರಿಯನ್ನು ಉಂಟುಮಾಡುತ್ತಾರೆ. ನಮಗೆ ತೋರಿಸಿದ್ದು ಹಿಂದಿರುಗಿದ ರಾತ್ರಿಯ ಮುಂದಿನ ಕಥೆ. ಇನ್ನೊಂದು ರಾತ್ರಿ ಎಲ್ಲೂ ಹೋಗಿಲ್ಲ, ಕ್ಯಾಮೆರಾ ಅದರ ಕಡೆ ತಿರುಗಲಿಲ್ಲ, ಅಷ್ಟೇ.

ಇದನ್ನು ಒಪ್ಪಿದರೆ ಒಂದು ಅಡ್ಡಪರಿಣಾಮವಿದೆ, ನನಗದು ಇಷ್ಟವಿಲ್ಲ. ಹಾಗಿದ್ದರೆ ಯಾರಿಗೂ ಬಿಡುಗಡೆಯಾಗಿಲ್ಲ. ಉಲ್ರಿಚ್ ಇನ್ನೂ ಆ ಹುಚ್ಚಾಸ್ಪತ್ರೆಯಲ್ಲೇ ಇದ್ದಾನೆ.


ಕಾಗದದ ದೋಣಿ
ಭಾನುವಾರ, ಸಂಜೆ 5.10

ಬೇಡ, ಉಲ್ರಿಚ್‌ನನ್ನು ಅಲ್ಲಿ ಬಿಡಬೇಡಿ. ಮೂವತ್ತಮೂರು ವರ್ಷ ಒಳಗಿದ್ದು, ಮುದುಕನಾಗಿ ಮಿಕೆಲ್‌ನನ್ನು ಅಪ್ಪಿಕೊಂಡು, ಮತ್ತೆ ಪೊಲೀಸರ ಕೈಗೆ ಸಿಕ್ಕ ದೃಶ್ಯ ನೋಡಿ ನಾನು ಅಂದು ಅನ್ನ ಬಿಟ್ಟಿದ್ದೆ.

ಇಲ್ಲಿ ಯಾರೂ ಕ್ಲೌಡಿಯಾಳ ಬಗ್ಗೆ ಸರಿಯಾಗಿ ಮಾತನಾಡುತ್ತಿಲ್ಲ. ನನ್ನ ಮಟ್ಟಿಗೆ ಇಡೀ ಸೀಸನ್ ಅವಳದೇ. ಯೋನಾಸ್ ಮತ್ತು ಮಾರ್ಥಾ ಪೋಸ್ಟರ್‌ನಲ್ಲಿ ಇರುವವರು. ಬೆಳಕಿನ ಬಿಳಿ ಕೋಣೆಯಲ್ಲಿ ಇವಾ, ಕತ್ತಲ ಕೋಣೆಯಲ್ಲಿ ಆಡಂ, ಇಬ್ಬರೂ ಗೋಡೆಯ ಚಿತ್ರ ನೋಡಿಕೊಂಡು ದೊಡ್ಡ ಮಾತು ಆಡುತ್ತಿದ್ದಾಗ, ಆ ಹೆಂಗಸು ತನ್ನದೇ ಇನ್ನೊಂದು ಲೋಕದ ರೂಪವನ್ನು ಗುಂಡಿಟ್ಟು ಕೊಂದು, ಅವಳ ವೇಷದಲ್ಲಿ ಎರಡೂ ಕಡೆ ಓಡಾಡಿ, ಇಬ್ಬರನ್ನೂ ಮಾತಿನಲ್ಲಿ ಕಟ್ಟಿಹಾಕಿ, ಮೂವತ್ತಮೂರು ವರ್ಷ ಲೆಕ್ಕ ಹಾಕಿದಳು. ಕೊನೆಯ ಕಂತಿನಲ್ಲಿ ಸೋತು ಕುಳಿತ ಆಡಂನ ಎದುರು ಬಂದು ನಿಲ್ಲುತ್ತಾಳಲ್ಲ, ಅಷ್ಟರವರೆಗೆ ಎಲ್ಲ ಗೊತ್ತಿದ್ದವನು ತಾನೇ ಎಂದುಕೊಂಡಿದ್ದ ಅವನ ಮುಖ ಒಮ್ಮೆಲೇ ಶಾಲೆಯ ಹುಡುಗನ ಮುಖವಾಗುತ್ತದೆ. ಸುಟ್ಟ ಚರ್ಮದ ಆ ಮೇಕಪ್ಪಿನ ಒಳಗಿಂದ ಅದನ್ನು ಹೇಗೆ ಮಾಡಿದರೋ.


ರಾತ್ರಿಪಾಳಿ
ಭಾನುವಾರ, ಸಂಜೆ 5.45

ಅವಳದೇ ಎಂದೇ ನನಗೂ ಅನಿಸುತ್ತದೆ, ಆದರೆ ಹೊಗಳಿಕೆಯಾಗಿ ಅಲ್ಲ.

ಯಾರು ಗೆದ್ದರು ನೋಡಿ. ಅವಳ ತಂದೆತಾಯಿ ಎಗೋನ್ ಮತ್ತು ಡೋರಿಸ್ ಇಬ್ಬರೂ ಗಂಟಿನ ಹೊರಗಿನವರು, ಹಾಗಾಗಿ ಕ್ಲೌಡಿಯಾ ಮೂಲ ಲೋಕದಲ್ಲೂ ಇರುತ್ತಾಳೆ. ರೆಗೀನಾ ಟ್ರೋಂಟೆಯ ಮಗಳೆಂದು ನಾವೆಲ್ಲ ನಂಬಿದ್ದೆವು. ಅಲ್ಲ, ಬೆರ್ಂಡ್ ಡಾಪ್ಲರನ ಮಗಳು. ಹಾಗಾಗಿ ಅವಳೂ ಉಳಿಯುತ್ತಾಳೆ. ಈ ಲೆಕ್ಕ ಕ್ಲೌಡಿಯಾಳಿಗೆ ಮೊದಲೇ ಗೊತ್ತು. ‘ಲೋಕ ಉಳಿಸುತ್ತೇನೆ’ ಎಂದು ಯೋನಾಸನನ್ನು ಕಳಿಸುವಾಗ ಅವನು ಮಾಯವಾಗುತ್ತಾನೆಂದೂ ಗೊತ್ತು, ತನ್ನ ಮಗಳು ಮಾತ್ರ ಕ್ಯಾನ್ಸರ್ ಇಲ್ಲದೆ ಬದುಕುತ್ತಾಳೆಂಬ ಆಸೆಯೂ ಇದೆ. ಅರ್ಧ ಊರನ್ನು ಅಳಿಸಿ ತನ್ನ ಮನೆ ಉಳಿಸಿಕೊಂಡಳು. ಮೊಮ್ಮಗ ಬಾರ್ಟೋಶ್ ಹೋದರೂ ಪರವಾಗಿಲ್ಲ!

ಟಾನ್‌ಹೌಸ್ ಮಗನಿಗಾಗಿ ಲೋಕ ಒಡೆದ, ಕ್ಲೌಡಿಯಾ ಮಗಳಿಗಾಗಿ ಒಡೆದ ಲೋಕಗಳನ್ನು ಒರೆಸಿದಳು. ಅವನು ಖಳನಾದರೆ ಅವಳು ನಾಯಕಿ ಹೇಗಾದಳು?


ಹಳದಿ ಮಳೆಯಂಗಿ
ಭಾನುವಾರ, ರಾತ್ರಿ 8.20

ಅಬ್ಬ, ಒಂದು ದಿನ ಬಿಟ್ಟು ಬಂದರೆ ಇಷ್ಟೆಲ್ಲ!

ರಾತ್ರಿಪಾಳಿಯವರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಕ್ಲೌಡಿಯಾಳ ಪಕ್ಷ. “ಅವಳೇನು ಸುಮ್ಮನೆ ಉಳಿಸಿಕೊಂಡಳೇ? ಮೊದಲು ಕಳೆದುಕೊಂಡಳಲ್ಲ” ಎಂದರು. ಏಳನೇ ಕಂತು ನೆನಪಿಸಿಕೊಳ್ಳಿ. ನಾಶದ ನಂತರದ ಗುಡಾರ, ಹಾಸಿಗೆ ಹಿಡಿದ ರೆಗೀನಾ. ಟ್ರೋಂಟೆ ಬಂದು ದಿಂಬನ್ನು ಅವಳ ಮುಖಕ್ಕೆ ಒತ್ತುತ್ತಾನೆ. ಅದನ್ನು ಮಾಡಲು ಹೇಳಿದವಳು ಮುದುಕಿ ಕ್ಲೌಡಿಯಾಳೇ. ನಡೆದದ್ದೆಲ್ಲ ನಡೆದಂತೆಯೇ ನಡೆದರೆ ಮಾತ್ರ ಕೊನೆಯ ಬಾಗಿಲು ತೆರೆಯುತ್ತದೆ. ಮಗಳನ್ನು ಉಳಿಸಲು ಮಗಳನ್ನೇ ಕೊಲ್ಲಿಸಬೇಕಾಯಿತು. ಅಮ್ಮ ಆ ದೃಶ್ಯಕ್ಕೆ ರಿಮೋಟ್ ಕೇಳಿದರು, ನಿಲ್ಲಿಸಿ ಒಳಗೆ ಹೋಗಿ ಹಾಲಿಗೆ ಹೆಪ್ಪು ಹಾಕಿ ಬಂದರು.

ಟಾನ್‌ಹೌಸ್ ಖಳ ಎಂದು ಯಾರು ಹೇಳಿದರು? ನನ್ನ ಪ್ರಕಾರ ಅವನು ಯಂತ್ರ ಕಟ್ಟಿದ್ದು ದುಃಖವೊಂದರಿಂದಲೇ ಅಲ್ಲ. ಯೋನಾಸನ ಲೋಕದ ಟಾನ್‌ಹೌಸ್‌ಗೂ ಅದೇ ಸಾವು, ಅದೇ ದುಃಖ. ಆದರೆ ಅವನ ಮನೆಗೆ ಒಂದು ಕೂಸು ಬರುತ್ತದೆ. ತಂದುಕೊಟ್ಟವರು ದೊಡ್ಡ ಶಾರ್ಲೊಟ್ ಮತ್ತು ಎಲಿಸಬೆತ್. ಶಾರ್ಲೊಟ್ ತನ್ನನ್ನೇ ತೊಟ್ಟಿಲಿನಿಂದ ಕದ್ದು ತನ್ನನ್ನು ಸಾಕಿದ ಅಜ್ಜನ ಕೈಗೆ ಇಡುತ್ತಾಳೆ. ಆ ಟಾನ್‌ಹೌಸ್ ಲೋಕ ಒಡೆಯಲು ಹೊರಡುವುದಿಲ್ಲ, ಗಡಿಯಾರದ ಅಂಗಡಿ ನಡೆಸಿಕೊಂಡು ಮಗು ಬೆಳೆಸುತ್ತಾನೆ. ಮೂಲ ಲೋಕದವನಿಗೆ ಆ ರಾತ್ರಿ ಯಾರೂ ಬರಲಿಲ್ಲ. ಇಷ್ಟೇ ವ್ಯತ್ಯಾಸ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಾಣುತ್ತದೆ.

ಈಗ ನಿನ್ನೆ ಬಾಕಿ ಇಟ್ಟ ನನ್ನ ವಾದ. ಗಂಟು ಬಿಚ್ಚಿದ ಮೇಲೆ ಮನುಷ್ಯರು ಹೋಗುತ್ತಾರೆ, ಹೆಸರುಗಳು ಹೋಗುವುದಿಲ್ಲ.

ಒಂದು, ಶಾರ್ಲೊಟ್. ಸೇತುವೆಯ ಮೇಲೆ ಸತ್ತ ಮೊಮ್ಮಗಳ ಹೆಸರೂ ಅದೇ, ಬದಲಿಗೆ ಬಂದ ಕೂಸಿನ ಹೆಸರೂ ಅದೇ. ಕಿಸೆಗಡಿಯಾರದ ಮೇಲೆ ಕೆತ್ತಿದ ‘ಶಾರ್ಲೊಟ್‌ಗಾಗಿ’ ಎಂಬ ಅಕ್ಷರ ಯಾವ ಶಾರ್ಲೊಟ್‌ಳಿಗೆ? ಎರಡು, ಯೋನಾಸ್. ಊಟದ ಮೇಜಿನಲ್ಲಿ ದೀಪ ಹೋಗುತ್ತದೆ, ಬರುತ್ತದೆ. ಬಸುರಿ ಹಾನಾ ಗೋಡೆಗೆ ನೇತುಹಾಕಿದ ಹಳದಿ ಮಳೆಯಂಗಿಯನ್ನೇ ನೋಡುತ್ತಾ ಕುಳಿತಿರುತ್ತಾಳೆ. ಎಲ್ಲವೂ ಕತ್ತಲಾಗಿ ಮುಗಿದುಹೋದಂತೆ ಹಿಂದೆ ಕನಸು ಬಿದ್ದಿತ್ತೆಂದು ಹೇಳುತ್ತಾಳೆ. ಮಗುವಿಗೆ ಹೆಸರು ಯೋಚಿಸಿದ್ದೀಯಾ ಎಂದು ಕೇಳಿದರೆ, ಯೋನಾಸ್ ಚೆನ್ನಾಗಿದೆ ಎನ್ನುತ್ತಾಳೆ. ಅವನು ಆ ಯೋನಾಸ್ ಅಲ್ಲ, ಇವನ ತಂದೆ ವೋಲರ್. ಆದರೂ.

ಮೂರನೆಯದು ನನಗೆ ಹೊಳೆದದ್ದಲ್ಲ, ಅಮ್ಮನಿಗೆ ಹೊಳೆದದ್ದು. ಅದನ್ನು ಸರಿಯಾಗಿ ನೋಡಿಕೊಂಡು ಬರೆಯುತ್ತೇನೆ.


ಕಾಗದದ ದೋಣಿ
ಭಾನುವಾರ, ರಾತ್ರಿ 8.35

ವೋಲರ್ ಎಂದಿರಲ್ಲ, ಪಟ್ಟಿ ಕಟ್ಟಿದ ಆ ಕಣ್ಣಿಗೆ ಏನಾಯಿತು? ಮೊದಲ ಸೀಸನ್‌ನಿಂದ ಕಾಯುತ್ತಿದ್ದೇನೆ. ಹೇಳಲು ಬಾಯಿ ತೆರೆದಾಗಲೆಲ್ಲ ಯಾರೋ ಅಡ್ಡ ಬರುತ್ತಾರೆ. ಇನ್ನೊಂದು ಲೋಕದಲ್ಲಿ ಕಣ್ಣು ಸರಿಯಿದೆ, ಕೈಯೇ ಇಲ್ಲ. ಕೊನೆಯ ಊಟದಲ್ಲಿ ಮತ್ತೆ ಶುರು ಮಾಡಿದ, ದೀಪ ಹೋಯಿತು!


ತರ್ಕದ ಅಂಗಡಿ
ಭಾನುವಾರ, ರಾತ್ರಿ 8.50

ನನ್ನ ಸಿದ್ಧಾಂತ: ಮೂರೂ ಲೋಕಗಳಲ್ಲಿ ಬದಲಾಗದೆ ಉಳಿಯುವ ಏಕೈಕ ನಿಯಮವೆಂದರೆ ವೋಲರ್‌ಗೆ ಮಾತು ಮುಗಿಸಲು ಬಿಡಬಾರದು ಎಂಬುದು.

ತಮಾಷೆ ಬಿಟ್ಟರೆ, ಅದು ಬರೆದವರು ನಮ್ಮ ಕಡೆ ನೋಡಿ ನಕ್ಕದ್ದು. ಯಾಂಟ್ಯೆ ಫ್ರೀಸೆ ಮತ್ತು ಬಾರಾನ್ ಬೋ ಓಡಾರ್ ಇಷ್ಟು ಗಂಟು ಹಾಕಿ, ಎಲ್ಲಕ್ಕೂ ಉತ್ತರ ಕೊಟ್ಟು, ಒಂದನ್ನು ಮಾತ್ರ ಬೇಕೆಂದೇ ಕಿಸೆಯಲ್ಲಿ ಇಟ್ಟುಕೊಂಡು ಹೊರಟರು.

ಹೆಸರಿನ ವಾದಕ್ಕೆ ನನ್ನ ಒಂದು ಆಕ್ಷೇಪ. ಹಾನಾಳಿಗೆ ‘ಯೋನಾಸ್’ ಹೊಳೆದದ್ದು ಕಾಕತಾಳೀಯವೂ ಆಗಬಹುದು. ಎರಡು ಲೋಕಗಳು ಅಳಿಸಿಹೋದ ಮೇಲೆ ನೆನಪು ಯಾವ ದಾರಿಯಲ್ಲಿ ಬರುತ್ತದೆ?


ಸ್ಟುಟ್‌ಗಾರ್ಟಿನಿಂದ
ಭಾನುವಾರ, ರಾತ್ರಿ 11.10

ದಾರಿಯನ್ನು ಅದೇ ಕಂತಿನಲ್ಲಿ ತೋರಿಸಿದ್ದಾರೆ. ಮೂಲ ಲೋಕಕ್ಕೆ ಹೋಗುವಾಗ ಯೋನಾಸ್ ಮತ್ತು ಮಾರ್ಥಾ ಬೆಳಕಿನ ಗೆರೆಗಳ ನಡುವೆ ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಾರೆ, ಆಗ ಪರಸ್ಪರರ ಬಾಲ್ಯವನ್ನು ಕಾಣುತ್ತಾರೆ. ಮಗುವಾಗಿದ್ದಾಗ ನೋಡಿದ್ದು ನಿನ್ನನ್ನೇ ಎಂದು ಗುರುತಿಸುತ್ತಾರೆ. ಅಂದರೆ ಗೋಡೆಯಲ್ಲಿ ಬಿರುಕು ಮೊದಲೇ ಇತ್ತು. ಸೀಸನ್‌ನ ಮೊದಲ ಕಂತಿನ ಹೆಸರೇ ‘ದೇಜಾ ವು’. ಮೊದಲ ಕಂತಿನ ಹೆಸರನ್ನು ಕೊನೆಯ ದೃಶ್ಯದಲ್ಲಿ ಹಾನಾಳ ಬಾಯಿಗೆ ಕೊಟ್ಟಿದ್ದಾರೆ.

ಇಬ್ಬರೂ ಮಾಯವಾಗುವ ಆ ಗಳಿಗೆಯನ್ನು ನಾನು ಸಬ್‌ಟೈಟಲ್ ತೆಗೆದು ಮೂರು ಸಲ ನೋಡಿದ್ದೇನೆ. ನಮ್ಮದೇನಾದರೂ ಉಳಿಯುತ್ತದೆಯೇ ಎಂದು ಕೇಳುತ್ತಾರೆ, ಉತ್ತರ ಬರುವುದಿಲ್ಲ. ಮೈ ಬಂಗಾರದ ಪುಡಿಯಂತೆ ಉದುರುತ್ತಾ ಹೋಗುತ್ತದೆ. ಅಳುವ ಸಂಗೀತ ಹಾಕಿ ಕೆಡಿಸಬಹುದಿತ್ತು, ಕೆಡಿಸಿಲ್ಲ.


ರಾತ್ರಿಪಾಳಿ
ಸೋಮವಾರ, ಬೆಳಗಿನ ಜಾವ 3.40

ಆ ದೃಶ್ಯಕ್ಕೆ ನಾನೂ ತಲೆಬಾಗುತ್ತೇನೆ. ಇವಾ ಗುಂಡೇಟಿಗೆ ಕಾದು ನಿಂತಿರುವಾಗ ಆಡಂ ಪಿಸ್ತೂಲನ್ನು ಬಳಸದೆ ಇಡುವುದೂ ಅಷ್ಟೇ ಚೆನ್ನಾಗಿದೆ. ಎಷ್ಟೋ ಸಲ ನಡೆದ ಕೊಲೆ ಒಂದು ಸಲ ನಡೆಯುವುದಿಲ್ಲ. ಇಷ್ಟು ಒಪ್ಪುತ್ತೇನೆ. ಎರಡನೇ ಕಂತನ್ನು ಮಾತ್ರ ಯಾರೂ ನನಗೆ ಮತ್ತೆ ತೋರಿಸಬೇಡಿ.

ಹಳದಿ ಮಳೆಯಂಗಿಯವರೇ, ಮೂರನೆಯ ಹೆಸರು ಬಾಕಿ ಇದೆ. ಪಾಳಿ ಮುಗಿಯಲು ಇನ್ನೂ ಎರಡು ಗಂಟೆಯಿದೆ, ಕಾಯುತ್ತಿದ್ದೇನೆ.


ಹಳದಿ ಮಳೆಯಂಗಿ
ಸೋಮವಾರ, ರಾತ್ರಿ 9.30

ಕಚೇರಿಯಿಂದ ಬಂದು ಅಮ್ಮನ ಜೊತೆ ಮತ್ತೆ ನೋಡಿದೆ. ಸರಿಯಾಗಿಯೇ ಇದೆ.

ಹಿಂದಿನ ಕಾಲಕ್ಕೆ ಹೋದ ಹಾನಾ, ಗರ್ಭ ತೆಗೆಸಿಕೊಳ್ಳಲು ಒಬ್ಬರ ಮನೆಗೆ ಹೋಗುತ್ತಾಳೆ. ಅಲ್ಲಿ ಕಾಯುತ್ತಾ ಕುಳಿತ ಇನ್ನೊಬ್ಬ ಎಳೆಯ ಹುಡುಗಿ ಹೆಲೆನೆ. ಹೆಸರೇನೆಂದು ಕೇಳಿದಾಗ ಹಾನಾ ಸುಳ್ಳು ಹೇಳುತ್ತಾಳೆ, ಕಟರೀನಾ ಎಂದು. ಚೆನ್ನಾಗಿದೆ ಹೆಸರು ಎನ್ನುತ್ತಾಳೆ ಹೆಲೆನೆ. ಹಾನಾ ತನ್ನ ಕೊರಳಿನ ಪದಕವನ್ನೂ ಅವಳಿಗೆ ಕೊಟ್ಟುಬಿಡುತ್ತಾಳೆ. ಮುಂದೆ ಹೆಲೆನೆಗೆ ಮಗಳು ಹುಟ್ಟುತ್ತಾಳೆ, ಅವಳಿಗೆ ಅದೇ ಹೆಸರು ಇಡುತ್ತಾಳೆ. ಅದೇ ಮಗಳು ಕಾಲ ದಾಟಿ 1987ಕ್ಕೆ ಬಂದಾಗ ಗುರುತು ಸಿಗದೆ ಹೆಲೆನೆ ಅವಳನ್ನು ಕೆರೆಯ ದಡದಲ್ಲಿ ಕಲ್ಲಿನಿಂದ ಜಜ್ಜುತ್ತಾಳೆ. ಆ ಹೊಡೆದಾಟದಲ್ಲಿ ಕಳಚಿ ಬಿದ್ದ ಪದಕವೇ ಮುಂದೊಂದು ದಿನ ಅದೇ ದಡದ ಮರಳಿನಲ್ಲಿ ಯೋನಾಸ್ ಮತ್ತು ಮಾರ್ಥಾರಿಗೆ ಸಿಗುತ್ತದೆ.

ಅಮ್ಮ ಕೇಳಿದ್ದು ಇಷ್ಟೇ: “ಗಂಟು ಬಿಚ್ಚಿದ ಮೇಲೆ ಹಾನಾ ಹಿಂದಕ್ಕೆ ಹೋಗಲೇ ಇಲ್ಲವಲ್ಲ. ಹಾಗಾದರೆ ಊಟಕ್ಕೆ ಬಂದ ಆ ಕಟರೀನಾಳಿಗೆ ಕಟರೀನಾ ಎಂದು ಹೆಸರಿಟ್ಟವರು ಯಾರು?”

ನನಗೆ ಉತ್ತರ ಗೊತ್ತಿಲ್ಲ. ತರ್ಕದ ಅಂಗಡಿಯವರು ಕಾಕತಾಳೀಯ ಎನ್ನಬಹುದು, ಜರ್ಮನಿಯಲ್ಲಿ ಆ ಹೆಸರೇನು ಅಪರೂಪವಲ್ಲ. ಅಮ್ಮ ಒಪ್ಪುವುದಿಲ್ಲ. ಹೆಸರು ಸುಮ್ಮನೆ ಬರುವುದಿಲ್ಲ, ಯಾರದೋ ಬಾಯಿಂದ ಬರುತ್ತದೆ ಎನ್ನುತ್ತಾರೆ. ಲಗ್ನಪತ್ರಿಕೆಯ ಹಿಂಬದಿಯಲ್ಲಿ ಹೆಲೆನೆಯಿಂದ ಒಂದು ಗೆರೆ, ಹಾನಾಳಿಂದ ಒಂದು ಗೆರೆ ಎಳೆದು, ಜಾಗ ಸಾಲದೆ ಮುಂಬದಿಗೆ ಹೊರಳಿಸಿ, ಮುಹೂರ್ತದ ಸಾಲಿನ ಪಕ್ಕದಲ್ಲಿ ಎರಡು ಪ್ರಶ್ನೆಚಿಹ್ನೆ ಹಾಕಿದ್ದಾರೆ.


ಕಾಗದದ ದೋಣಿ
ಸೋಮವಾರ, ರಾತ್ರಿ 9.42

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅಂದ ಹಾಗೆ, ಮದುವೆ ಯಾವತ್ತು?


ಹಳದಿ ಮಳೆಯಂಗಿ
ಸೋಮವಾರ, ರಾತ್ರಿ 9.55

ಪತ್ರಿಕೆ ತಿರುಗಿಸಿದಾಗಲೇ ನಾವೂ ನೋಡಿದ್ದು. ನಿನ್ನೆ, ಭಾನುವಾರ, ಬೆಳಿಗ್ಗೆ 9.20ಕ್ಕೆ. ಅಮ್ಮ ಈಗ ಒಳಗೆ ಕುಳಿತು ಹುಡುಗಿಯ ಸೋದರತ್ತೆಗೆ ಫೋನ್ ಮಾಡುತ್ತಿದ್ದಾರೆ.